ಅತ್ತೆಯ ಪಾಲಿನ ಹುಡುಗಿ

ಬೇಡ, ಬೇಡ ಎಂದು ಫುಲೇರಾ ಹೋಗಿಬರುವವರ ಕೈಯಲ್ಲೆಲ್ಲ ಹೇಳಿ ಕಳಿಸಿದರೂ ಅಣ್ಣ ಶಾನಿ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಶುಕ್ರವಾರ ನಮಾಜು ಮುಗಿಸಿ, ನಡುವಿನ ಮಗಳು ವುಂಪಿನಿಯನ್ನು ಮೋಟಾರ್ ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಿಯಿಂದ ಟಮಾಲೆ ಪಟ್ಟಣದ ತಂಗಿಯ ಮನೆಗೆ ಬಂದೇಬಿಟ್ಟ. ಹುಡುಗಿಗೆ ಒಂಬತ್ತೋ ಹತ್ತೋ ವರ್ಷ. ಮೈತುಂಬ ದಾರಿಯ ಕೆಂಧೂಳು, ಕೈಯಲ್ಲೊಂದು ಬಟ್ಟೆಗಂಟು, ಕಾಲಿಗೆ ಅವಳಮ್ಮನ ಚಪ್ಪಲಿ. ಇಳಿದವಳೇ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ನೆಲ ನೋಡುತ್ತ, ದೊಡ್ಡವರನ್ನು ಕೇಳಬೇಕಾದ ಕ್ಷೇಮಸಮಾಚಾರವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

"ನಾನು ಕೇಳಲಿಲ್ವಲ್ಲ ಅಣ್ಣ," ಎಂದಳು ಫುಲೇರಾ.

"ಕೇಳೋದೇನು ಬಂತು? ಇಷ್ಟು ದಿನ ನಿಂಗೆ ಗಂಡ ಇರಲಿಲ್ಲ, ಮನೆ ಇರಲಿಲ್ಲ, ಸುಮ್ನಿದ್ದೆ. ಈಗ ಎರಡೂ ಇದೆ. ನಿನ್ನ ಪಾಲಿನ ಮಗಳನ್ನ ನಾನೇ ಇಟ್ಕೊಂಡು ಕೂತ್ರೆ ಊರೋರು ಮುಖಕ್ಕೆ ಉಗೀತಾರೆ."

"ಅವಳಮ್ಮನ ಹತ್ರಾನೇ ಇರಲಿ ಬಿಡು."

"ನಮ್ಮಪ್ಪ ನಿನ್ನನ್ನ ಅಡಿಸಾ ಅತ್ತೆಗೆ ಕೊಟ್ಟಾಗ ನಮ್ಮಮ್ಮ ಹಾಗಂದ್ಲಾ?"

ಆ ಹೆಸರು ಬಿದ್ದದ್ದೇ ಫುಲೇರಾ ಎದ್ದು ನೀರು ತರಲು ಹೋದಳು. ಶಾನಿ ಒಂದು ಬೋಗುಣಿ ನೀರು ಕುಡಿದು ಬೈಕು ಹತ್ತಿ ಹೊರಟೇಹೋದ. ಕತ್ತಲಾಗುವುದರೊಳಗೆ ಊರು ಸೇರಬೇಕಂತೆ.

ಅಣ್ಣನ ಹೆಣ್ಣುಮಕ್ಕಳಲ್ಲಿ ಒಬ್ಬಳು ತಂಗಿಯ ಪಾಲು. ಅಜ್ಜಂದಿರ ಕಾಲದಿಂದ ಬಂದ ಮಾತು, ಅದಕ್ಕೆ ಯಾರೂ ಎದುರು ಮಾತಾಡುವುದಿಲ್ಲ. ಅತ್ತೆಯ ಮನೆಗೆ ಹೋದ ಹುಡುಗಿ ಅತ್ತೆ ಹೇಳಿದ ಕೆಲಸ ಮಾಡಿಕೊಂಡು, ಅತ್ತೆ ತೋರಿಸಿದವನನ್ನು ಕಟ್ಟಿಕೊಳ್ಳಬೇಕು. ಹೆತ್ತವಳು ಹೇಗಿದ್ದೀಯೆ ಎಂದು ವಿಚಾರಿಸಲೂ ಬಾರದು. ವಿಚಾರಿಸಿದರೆ ನಾದಿನಿಯ ಮೇಲೆ ಅನುಮಾನಪಟ್ಟ ಹಾಗೆ.

ಫುಲೇರಾಳನ್ನು ಅಡಿಸಾ ಅತ್ತೆ ಸಾಕಿದಳು ಎಂದು ಊರವರು ಹೇಳುತ್ತಾರೆ. ಸಾಕುವುದು ಎಂದರೆ ಏನು ಎಂದು ಊರವರನ್ನು ಯಾರು ಕೇಳಬೇಕು? ನೀರು ಹೊತ್ತಳು, ಹಿಟ್ಟು ಬೀಸಿದಳು, ಅತ್ತೆಯ ಇಬ್ಬರು ಹೆಣ್ಣುಮಕ್ಕಳ ಪುಸ್ತಕದ ಚೀಲ ಹೊತ್ತು ಸ್ಕೂಲಿನ ಗೇಟಿನವರೆಗೆ ಹೋಗಿ ಅಲ್ಲಿಂದ ತಿರುಗಿ ಬಂದಳು. ಪಾತ್ರೆಯ ತಳ ಕೆರೆದದ್ದು ಅವಳ ಊಟ, ಒಲೆಯ ಬದಿ ಅವಳ ಹಾಸಿಗೆ. ಮುದ್ದೆಕೋಲಿನ ಏಟು ಬಿದ್ದ ಜಾಗ ಎಡಭುಜದಲ್ಲಿ ಇವತ್ತಿಗೂ ಗಂಟುಕಟ್ಟಿಕೊಂಡಿದೆ. ಆಮೇಲೆ ಅತ್ತೆ ಒಬ್ಬ ಮುದಿ ಗೆಣಸಿನ ವ್ಯಾಪಾರಿಗೆ ಗಂಟುಹಾಕಿದಳು. ಮಕ್ಕಳಾಗಲಿಲ್ಲವೆಂದು ಅವನು ಬಿಟ್ಟ. ಅತ್ತೆ ಸತ್ತ ದಿನ ಫುಲೇರಾ ಒಂದು ಹನಿ ಕಣ್ಣೀರು ಹಾಕಲಿಲ್ಲ, ಅದನ್ನು ಮಾತ್ರ ಊರೆಲ್ಲ ಗಮನವಿಟ್ಟು ನೋಡಿತು.

ಅವಳ ಪುಣ್ಯ ತಡವಾಗಿ ಬಂತು, ನಲವತ್ತೈದು ದಾಟಿದ ಮೇಲೆ. ಲಾರಿ ನಿಲ್ದಾಣದ ಪಕ್ಕ ಬೆಳಗ್ಗೆ ಬೆಳಗ್ಗೆ ಸಜ್ಜೆಯ ಹುಳಿಗಂಜಿ, ಅಲಸಂದೆ ವಡೆ ಮಾರುತ್ತಿದ್ದಳು. ಬಾವಾ ಎಂಬ ದರ್ಜಿ, ನೇಯ್ದ ಪಟ್ಟಿಗಳನ್ನು ಜೋಡಿಸಿ ಗಂಡಸರ ನಿಲುವಂಗಿ ಹೊಲಿಯುವವನು, ಹೆಂಡತಿ ತೀರಿಕೊಂಡವನು, ದಿನಾ ಬಂದು ಕೂರುತ್ತಿದ್ದ. ಒಂದು ಬೋಗುಣಿ ಗಂಜಿ ಮುಗಿಸಿ ಇನ್ನೊಂದು ಕೇಳುತ್ತಿದ್ದ.

"ಹೊಟ್ಟೇಲಿ ಜಾಗ ಇದೆಯಾ?" ಎಂದು ಅವಳು ಒಮ್ಮೆ ಕೇಳಿದಳು.

"ಹೊಟ್ಟೇಲಿಲ್ಲ. ಬೆಂಚಿನ ಮೇಲೆ ಇದೆ. ಎದ್ದು ಹೋಗು ಅಂತೀಯ ಅಂತ ಕುಡೀತಾ ಇದ್ದೀನಿ."

ಇಷ್ಟು ಸಾಕಾಯಿತು. ಮದುವೆಯಾದ ಮೇಲೆ ಬಾವಾ ತನ್ನ ಪಾಲಿನ ಮಾಂಸದ ತುಂಡನ್ನು ಎತ್ತಿ ಅವಳ ಮುದ್ದೆಯ ಮೇಲಿಡುತ್ತಿದ್ದ. ಮೊದಲ ಸಲ ಹಾಗೆ ಮಾಡಿದಾಗ ಅವಳು ಹೊರಗೆ ಹೋಗಿ ಅತ್ತು ಬಂದಳು. ಬಾವಾನ ತಾಯಿ ಕಂದೆಯಜ್ಜಿಗೆ ಇದನ್ನು ಕಂಡರೆ ಆಗದು.

"ಅರೆಮುದುಕರು ಒಂದೇ ಬೋಗುಣೀಲಿ ಕೈ ಹಾಕ್ತೀರಲ್ಲ, ನೋಡೋಕೆ ನನಗೇ ನಾಚಿಕೆ," ಎನ್ನುತ್ತಿದ್ದಳು.

"ನೀನು ಆ ಕಡೆ ತಿರುಗ್ಕೊಂಡು ಉಣ್ಣಮ್ಮ," ಎನ್ನುತ್ತಿದ್ದ ಬಾವಾ.

ಇಂಥ ಮನೆಗೆ ವುಂಪಿನಿ ಬಂದಳು. ಅವತ್ತು ಸಂಜೆ ಫುಲೇರಾ ಒಲೆ ಹಚ್ಚುವ ಮೊದಲೇ ಗಂಡನ ಹೊಲಿಗೆ ಯಂತ್ರದ ಮುಂದೆ ನಿಂತು ಹೇಳಿದಳು: "ಬಂದಿದ್ದು ಬಂತು. ಈ ಹುಡುಗಿ ಸ್ಕೂಲಿಗೆ ಹೋಗಬೇಕು. ಇವಳ ಮೈಮೇಲೆ ಒಂದು ಏಟು ಬೀಳಬಾರದು. ಅಮ್ಮನ ಮನೇಗಿಂತ ಇಲ್ಲೇ ಚೆನ್ನಾಗಿದೆ ಅನ್ಬೇಕು ಅವಳು, ಹಾಗೆ ಸಾಕ್ತೀನಿ. ಆ ಅಡಿಸಾಗೆ ಗೋರಿಯೊಳಗೇ ಹೊಟ್ಟೆ ಉರೀಬೇಕು."

"ಸತ್ತೋರ ಹೊಟ್ಟೆ ಉರಿಸೋಕೆ ಹುಡುಗೀನ ಸಾಕ್ತೀಯಾ?" ಎಂದು ಬಾವಾ ನಕ್ಕ. ಅವಳು ನಗಲಿಲ್ಲ.

ಮರುವಾರವೇ ಬಾವಾ ತಾನೇ ಅಳತೆ ತೆಗೆದು ಸ್ಕೂಲಿನ ಬಟ್ಟೆ ಹೊಲಿದ. ಫುಲೇರಾ ಹೊಸ ಚಪ್ಪಲಿ ತಂದಳು. ಬೆಳಗ್ಗೆ ಗಂಜಿ ವ್ಯಾಪಾರ ಮುಗಿಸಿ ಓಡಿಬಂದು ಹುಡುಗಿಯನ್ನು ಸ್ಕೂಲಿನ ಒಳಗೆ, ತರಗತಿಯ ಬಾಗಿಲ ತನಕ ಬಿಟ್ಟು ಬರುತ್ತಿದ್ದಳು. ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ.

ಕಂದೆಯಜ್ಜಿ ಗೊಣಗತೊಡಗಿದಳು. "ಹುಡುಗಿ ಬಂದ್ಲು, ಇನ್ನು ನೀರಿಗೆ ಯೋಚನೆ ಇಲ್ಲ ಅನ್ಕೊಂಡಿದ್ದೆ. ನೋಡಿದ್ರೆ ಅತ್ತೆ ನೀರು ಹೊರ್ತಾಳೆ, ಸೊಸೆ ಪುಸ್ತಕ ಹೊರ್ತಾಳೆ."

"ನನ್ನ ಸೊಂಟ ಏನೂ ಬಿದ್ದುಹೋಗಿಲ್ವಲ್ಲಮ್ಮ, ಹೊರ್ತೀನಿ," ಎಂದಳು ಫುಲೇರಾ.

"ನಾಳೆ ಇವಳನ್ನ ಕಟ್ಕೊಂಡೋನು ಮುದ್ದೆ ಕೇಳಿದ್ರೆ ಪುಸ್ತಕ ಬಡಿಸ್ತಾಳಾ?"

"ಅವನೇ ಮಾಡ್ಕೊಂಡು ತಿನ್ನಲಿ."

"ಕೇಳಿದ್ಯಾ ಬಾವಾ ನಿನ್ನ ಹೆಂಡ್ತಿ ಮಾತು?"

"ಕೇಳಿಸ್ತಮ್ಮ. ಯಂತ್ರದ ಸದ್ದಲ್ಲಿ ಅರ್ಧ ಕೇಳಿಸ್ತು. ಒಳ್ಳೇ ಅರ್ಧಾನೇ ಇರಬೇಕು."

ವುಂಪಿನಿ ಕಿಸಕ್ಕೆಂದು ನಕ್ಕು, ನಕ್ಕದ್ದು ತಪ್ಪಾಯಿತೇನೋ ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಆ ನಗು ಕೇಳಿ ಫುಲೇರಾಳ ಹೊಟ್ಟೆ ತಣ್ಣಗಾಯಿತು. ಭಾನುವಾರ ಹುಡುಗಿಯನ್ನು ಕಾಲ ನಡುವೆ ಕೂರಿಸಿಕೊಂಡು, ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಹಚ್ಚಿ, ಸಣ್ಣ ಸಣ್ಣ ಜಡೆ ಹೆಣೆದಳು. ತನ್ನ ತಲೆಯನ್ನು ಯಾರೂ ಹಾಗೆ ಹೆಣೆದದ್ದಿಲ್ಲ, ಆದರೂ ಕೈಗೆ ಬಂತು. ಹುಡುಗಿ ತೂಕಡಿಸಿ ಅವಳ ಮೊಣಕಾಲಿಗೆ ತಲೆ ಒರಗಿಸಿದಳು. ಜಡೆ ಮುಗಿದು ಎಷ್ಟೋ ಹೊತ್ತಾದರೂ ಫುಲೇರಾ ಅಲ್ಲಾಡಲಿಲ್ಲ.

ತೊಂದರೆಯೆಲ್ಲ ಊಟದ್ದು. ಹುಡುಗಿಗೆ ಏನು ಬಡಿಸಿದರೂ ಎರಡು ತುತ್ತು ತಿಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

"ತುಂಬ್ತು ಅತ್ತೆ."

"ಎಲ್ಲಿ ತುಂಬ್ತು? ಮೀನು ಹಾಗೇ ಇದೆ."

"ತುಂಬ್ತು ಅತ್ತೆ."

ದಾರಿಹೋಕರ ಮುಂದೆ ಅಡಿಸಾ ಅತ್ತೆ, "ಉಂಡ್ಯೇನೇ?" ಎಂದು ದೊಡ್ಡ ದನಿಯಲ್ಲಿ ಕೇಳಿದಾಗ ಖಾಲಿ ಹೊಟ್ಟೆಯ ಫುಲೇರಾ ಇದೇ ಮಾತು ಹೇಳುತ್ತಿದ್ದಳು. ತನ್ನ ಮನೆಯಲ್ಲಿ, ತುಂಬಿದ ಪಾತ್ರೆಯ ಮುಂದೆ, ಅದನ್ನು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಬಾವಾ ಉಪಾಯವಾಗಿ ಹುಡುಗಿಯ ಬಾಯಿ ಬಿಡಿಸಿದ.

"ನಿಮ್ಮಮ್ಮ ಬರೋವಾಗ ಏನು ಹೇಳಿಕೊಟ್ಟಳಮ್ಮ?"

"ಅತ್ತೆ ಒಂದ್ಸಲ ಕೊಟ್ರೆ ಬೇಡ ಅನ್ನು. ಎರಡನೇ ಸಲ ಕೊಟ್ರೂ ಬೇಡ ಅನ್ನು ಅಂದ್ಲು ಮಾವ."

"ಮೂರನೇ ಸಲ ಕೊಟ್ರೆ?"

"ಮೂರನೇ ಸಲ ಯಾರೂ ಕೊಡಲ್ಲ ಅಂದ್ಲು."

ಬಾವಾ ನಗಲು ಹೋಗಿ ನಿಲ್ಲಿಸಿದ. ಅವತ್ತಿನಿಂದ ಫುಲೇರಾ ಮೂರು ಸಲ, ನಾಲ್ಕು ಸಲ ಬಡಿಸಿದಳು. ಎದುರಿಗೇ ಕೂತು ತುತ್ತು ತುತ್ತಿಗೂ ನೋಡಿದಳು. ಹುಡುಗಿ ಇದೂ ಒಂದು ಪರೀಕ್ಷೆ ಎಂದುಕೊಂಡಳೋ ಏನೋ, ಕಣ್ಣು ಮುಚ್ಚಿ ನುಂಗುತ್ತಿದ್ದಳು, ಬಿಕ್ಕಳಿಕೆ ಬರುವವರೆಗೆ ನುಂಗುತ್ತಿದ್ದಳು. ಒಮ್ಮೆ ಹಿತ್ತಲಿಗೆ ಹೋಗಿ ಎಲ್ಲ ಕಕ್ಕಿದಳು. "ತಿನ್ನೋರ ಬಾಯಿ ಕಾಯಬಾರದು ಕಣೇ," ಎಂದು ಕಂದೆಯಜ್ಜಿ ಹೇಳಿದ್ದು ಆ ಮನೆಯಲ್ಲಿ ಯಾರಾದರೂ ಆಡಿದ ಒಂದೇ ಒಂದು ಬುದ್ಧಿಯ ಮಾತು. ಫುಲೇರಾ ಅದನ್ನು ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಗಿರಣಿಯ ಸಂಗತಿ ಆಯಿತು. ಮೆಕ್ಕೆಜೋಳ ಬೀಸಿಸಲು ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಮನೆಯ ರಾಬಿ, ಯಂತ್ರದ ಸದ್ದನ್ನೂ ಮೀರಿಸುವ ಗಂಟಲಿನವಳು, ನಾಲ್ಕು ಜನರೆದುರು ಶುರುಮಾಡಿದಳು.

"ನಿಮ್ಮ ಹುಡುಗಿ ಸ್ಕೂಲಿಂದ ಬರ್ತಾ ನಮ್ಮನೇಗೆ ಬರ್ತಾಳೆ ಫುಲೇರಾ. ನಮ್ಮ ಮಕ್ಕಳ ಜೊತೆ ಕೂತು ಬೋಗುಣಿ ನೆಕ್ಕಿ ಇಡ್ತಾಳೆ. ತಿನ್ನಲಿ ಪಾಪ, ನಾನೇನು ಬೇಡ ಅನ್ನಲ್ಲ."

"ನಿಮ್ಮನೇಲಿ ಉಣ್ತಾಳಾ?"

"ಹೊಟ್ಟೆ ತುಂಬ. ಅತ್ತೆ ಮನೆ ಅಂದ್ಮೇಲೆ ಹಾಗೇ ಅಲ್ವಾ. ನೀನೂ ಅಡಿಸಾ ಕೈಯಲ್ಲಿ ಬೆಳೆದೋಳು, ಕಲಿತಿದ್ದು ಎಲ್ಲಿಗೆ ಹೋಗುತ್ತೆ?"

ಹೆಂಗಸರು ನಕ್ಕರು. ಕೆಟ್ಟ ನಗುವಲ್ಲ, ಸಾಲಿನಲ್ಲಿ ನಿಂತು ಬೇಸರ ಬಂದವರ ನಗು. ಫುಲೇರಾ ಹಿಟ್ಟಿನ ಡಬರಿ ತಲೆಗಿಟ್ಟುಕೊಂಡು ಮನೆಗೆ ಬಂದಳು. ದಾರಿಯಲ್ಲಿ ಯಾರು ಮಾತಾಡಿಸಿದರು, ಯಾರಿಗೆ ಉತ್ತರ ಕೊಟ್ಟಳು ಒಂದೂ ತಿಳಿಯಲಿಲ್ಲ. ಎಸರಿಟ್ಟು, ಹಿಟ್ಟು ಸುರಿದು, ಮುದ್ದೆಕೋಲು ಹಿಡಿದು ತಿರುವುತ್ತಿದ್ದಾಗ ವುಂಪಿನಿ ಸ್ಕೂಲಿನಿಂದ ಬಂದಳು.

"ಬಾ. ಊಟಕ್ಕೆ ಕೂರು."

"ತುಂಬಿದೆ ಅತ್ತೆ."

"ಎಲ್ಲಿ ತುಂಬಿಸ್ಕೊಂಡು ಬಂದೆ?"

ಹುಡುಗಿ ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡಳು.

"ರಾಬಿ ಮನೇಲಿ ಇರೋದು ನನ್ನ ಮನೇಲಿ ಏನಿಲ್ಲ ಹೇಳು. ಮೀನು ಇಲ್ವಾ? ಎಣ್ಣೆ ಇಲ್ವಾ? ನಾನು ಉಪವಾಸ ಕೆಡವ್ತೀನಿ ಅಂತ ಬೀದಿಗೆಲ್ಲ ಡಂಗುರ ಹೊಡೀತೀಯಾ?"

"ಇಲ್ಲ ಅತ್ತೆ. ನನಗೆ ನಿಜವಾಗ್ಲೂ ತುಂಬಿ..."

ಬಿಸಿ ಹಿಟ್ಟು ಮೆತ್ತಿದ್ದ ಕೋಲು ಮಣಿಕಟ್ಟಿನ ಮೇಲೆ ಬಿತ್ತು. ಒಂದಲ್ಲ, ಇನ್ನೊಂದು, ಮತ್ತೊಂದು. ಹುಡುಗಿ ಚೀರಲಿಲ್ಲ. ಬಾವಾ ಯಂತ್ರ ಬಿಟ್ಟು ಓಡಿಬಂದು ಹೆಂಡತಿಯ ಕೈ ಹಿಡಿದುಕೊಂಡ. ಕೋಲು ಕಿತ್ತುಕೊಳ್ಳಲು ಅವನು ಬಲ ಹಾಕಬೇಕಾಯಿತು, ಅಷ್ಟು ಬಿಗಿಯಾಗಿ ಹಿಡಿದಿದ್ದಳು.

ಮಣಿಕಟ್ಟು ಊದಿಕೊಂಡಿತು. ಬಾವಾ ತಾನೇ ಬೆಣ್ಣೆ ಸವರಿ, ಅಂಗಿಯ ಪಟ್ಟಿ ಹರಿದು ಕಟ್ಟಿದ. ಹೆಂಡತಿಯ ಕಡೆ ನೋಡಲೂ ಇಲ್ಲ. ಅವಳು ಒಲೆಯ ಮುಂದೆ ಕೂತೇ ಇದ್ದಳು. ಮುದ್ದೆ ಸೀದುಹೋಯಿತು.

"ಯಾಕೆ ಹೀಗೆ ಸಾವಿನ ಮನೆ ಥರ ಕೂತಿದ್ದೀರಿ?" ಎಂದಳು ಕಂದೆಯಜ್ಜಿ. "ಏಟು ತಿನ್ನದೆ ಯಾರು ಬೆಳೆದಿದ್ದಾರೆ? ನಾನು ತಿಂದಿಲ್ವಾ? ಇವಳು ತಿಂದಿಲ್ವಾ? ಬದುಕಿಲ್ವಾ?"

"ಅಮ್ಮಾ, ನೀನು ಸ್ವಲ್ಪ ಸುಮ್ನಿರು," ಎಂದ ಬಾವಾ. ತಾಯಿಗೆ ಅವನು ಹಿಂದೆಂದಾದರೂ ಹಾಗೆ ಹೇಳಿದ್ದು ಯಾರಿಗೂ ನೆನಪಿರಲಿಲ್ಲ.

ಫುಲೇರಾ ಹುಡುಗಿಯ ಮುಂದೆ ಕೂತು, "ತಪ್ಪಾಯ್ತು ಕಣಮ್ಮ," ಎಂದಳು. ದೊಡ್ಡವರು ಚಿಕ್ಕವರಿಗೆ ಹೇಳುವ ಮಾತಲ್ಲ ಅದು. ಹುಡುಗಿ ಗಾಬರಿಗೊಂಡು ಎದ್ದು ನಿಂತಳು.

ಅಲ್ಲಿಂದ ಮುಂದೆ ವುಂಪಿನಿಯಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಫುಲೇರಾ ಏಳುವುದರೊಳಗೆ ಎದ್ದು ಅಂಗಳ ಗುಡಿಸಿರುತ್ತಿದ್ದಳು. ಊದಿದ ಕೈಯಲ್ಲೇ ನೀರು ಹೊತ್ತು ತರುತ್ತಿದ್ದಳು. ಬಡಿಸಿದ್ದನ್ನೆಲ್ಲ ತಿಂದು ಬೋಗುಣಿ ತೋರಿಸಿ ಹೋಗುತ್ತಿದ್ದಳು. ಮಲಗಿರು ಎಂದರೆ ಕಣ್ಣು ಮುಚ್ಚಿಕೊಂಡು ಮಲಗುತ್ತಿದ್ದಳು, ಆಡು ಎಂದರೆ ಅಂಗಳದ ನಡುವೆ ಹೋಗಿ ನಿಲ್ಲುತ್ತಿದ್ದಳು. ಸ್ಕೂಲು ಬೇಡ, ಗಂಜಿ ಮಾರಲು ಬರುತ್ತೇನೆ ಎಂದಳು. "ಈಗ ನೋಡು, ಹುಡುಗಿ ದಾರಿಗೆ ಬಂದ್ಲು," ಎಂದು ಕಂದೆಯಜ್ಜಿ ಸಂತೋಷಪಟ್ಟಳು. ಬಾವಾ ಏನು ತಮಾಷೆ ಮಾಡಿದರೂ ಹುಡುಗಿ ಈಗ ಮೊದಲು ಅತ್ತೆಯ ಮುಖ ನೋಡಿ ಆಮೇಲೆ ನಗುತ್ತಿದ್ದಳು.

ಸ್ಕೂಲಿಗೆ ರಜೆಯಿದ್ದ ಒಂದು ಬೆಳಗ್ಗೆ ಫುಲೇರಾ ಅವಳನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ಒಣಗಾಳಿ ಬೀಸಿ ಬೆಂಚಿನ ಮೇಲೆಲ್ಲ ಧೂಳು. ಡ್ರೈವರುಗಳು ಗಂಜಿಗೆ ಕಾದು ಕೂತಿದ್ದರು. ವುಂಪಿನಿ ವಡೆಯ ತಟ್ಟೆ ಎತ್ತಿಕೊಡಲು ಹೋಗಿ ಕೈ ಸೋತು ಕೆಳಗೆ ಬಿಟ್ಟಳು. ವಡೆಯೆಲ್ಲ ಮಣ್ಣುಪಾಲು.

ಸದ್ದಿಗೆ ಫುಲೇರಾ ತಿರುಗಿದಳು ಅಷ್ಟೆ. ಕೈ ಎತ್ತಿರಲಿಲ್ಲ, ಬಾಯಿ ತೆರೆದಿರಲಿಲ್ಲ. ಹುಡುಗಿ ಅಲ್ಲೇ ಮಂಡಿಯೂರಿ, ಹೊದ್ದ ಬಟ್ಟೆಯನ್ನು ಹೆಗಲಿನಿಂದ ಜಾರಿಸಿ, ಅವಳ ಕಡೆ ಬೆನ್ನು ತಿರುಗಿಸಿ ತಲೆ ತಗ್ಗಿಸಿದಳು. ಏಟು ಮುಖಕ್ಕೆ ಬೀಳದಿರಲಿ ಎಂದು ಹಾಗೆ ಬೆನ್ನು ಕೊಡುವುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಫುಲೇರಾಳಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಂಚಿನ ಮೇಲಿದ್ದ ವಯಸ್ಸಾದ ಡ್ರೈವರೊಬ್ಬ ಮೆಚ್ಚಿ ತಲೆದೂಗಿದ. "ಚೆನ್ನಾಗಿ ಬೆಳೆಸಿದ್ದೀಯಮ್ಮ. ಈಗಿನ ಮಕ್ಕಳಾಗಿದ್ರೆ ಓಡಿಹೋಗ್ತಿದ್ವು."

ಫುಲೇರಾ ಅರ್ಧ ಪಾತ್ರೆ ಗಂಜಿಯನ್ನು ಹಾಗೇ ಬಿಟ್ಟು ಹುಡುಗಿಯ ಕೈ ಹಿಡಿದು ಮನೆಗೆ ಬಂದಳು.

"ಇವಳನ್ನ ಅವಳಮ್ಮನ ಹತ್ರ ಬಿಟ್ಟು ಬರ್ತೀನಿ," ಎಂದಳು ಗಂಡನಿಗೆ.

ಬಾವಾ ಸೂಜಿ ಕೆಳಗಿಟ್ಟ. "ಹುಚ್ಚಾ ನಿಂಗೆ? ಅತ್ತೆ ವಾಪಸು ಕಳಿಸಿದ ಹುಡುಗಿಗೆ ಊರಲ್ಲಿ ಏನಂತಾರೆ ಗೊತ್ತಲ್ಲ? ಕದ್ಲು ಅಂತಾರೆ. ಇಲ್ಲ, ಮಾಟಗಾತಿ ಅಂತಾರೆ."

"ತಪ್ಪು ನಂದು ಅಂತ ಎಲ್ಲರೆದುರೇ ಹೇಳ್ತೀನಿ."

"ನೀನು ಹೇಳ್ತೀಯ. ಅವರು ಕೇಳ್ಬೇಕಲ್ಲ?"

"ಕೇಳದೆ ಏನು ಮಾಡ್ತಾರೆ? ನನ್ನ ಬಾಯಿಂದಲೇ ಹೇಳ್ತಿರೋವಾಗ?"

"ಇರಲಿ ಫುಲೇರಾ. ದಿನ ಕಳೆದಂಗೆ ಮರೀತಾಳೆ. ನಾನಿದ್ದೀನಲ್ಲ, ನೋಡ್ಕೊಳ್ತೀನಿ."

"ನಾನು ಮರೆತ್ನಾ?" ಎಂದಳು ಅವಳು. "ನೀವು ಎಷ್ಟು ಹೊತ್ತು ಅಂತ ನನ್ನ ಕೈ ಹಿಡ್ಕೊಂಡು ಕೂರ್ತೀರಿ? ಅವತ್ತು ನೀವು ಬರದೇ ಹೋಗಿದ್ರೆ ನಾನು ನಿಲ್ಲಿಸ್ತಿರಲಿಲ್ಲ. ನನಗೆ ಗೊತ್ತು ಅದು."

ಬಾವಾ ಕೆಳಗಿಟ್ಟ ಸೂಜಿಯನ್ನು ಎತ್ತಿ ಬಟ್ಟೆಗೆ ಚುಚ್ಚಿಟ್ಟ. ಆ ಕೋಲನ್ನು ಕಿತ್ತುಕೊಂಡವನು ಅವನೇ, ಅದರ ಬಿಗಿ ಅವನಿಗೂ ಗೊತ್ತಿತ್ತು.

ಊರಿನಲ್ಲಿ ಶಾನಿಯ ಅಂಗಳದ ಬೇವಿನ ಮರದಡಿ ಮನೆತನದ ಹಿರಿಯನಾದ ದೊಡ್ಡಪ್ಪನನ್ನು ಕರೆಸಿ ಕೂರಿಸಿದರು. ಹಲ್ಲಿಲ್ಲದ, ಕಿವಿ ಚುರುಕಾಗಿದ್ದ ಮುದುಕ. ಶಾನಿಯ ಹೆಂಡತಿ ಅಬಿಬಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಸೊಂಟ ಹಿಡಿದು ಕಿರಿಯ ಮಗಳು ಇಣುಕುತ್ತಿದ್ದಳು. ವುಂಪಿನಿ ಬಟ್ಟೆಗಂಟಿನ ಪಕ್ಕ ಕೂತಿದ್ದಳು.

ಫುಲೇರಾ ನೆಲದ ಮೇಲೆ ಕೂತು ಹೇಳಬೇಕಾದ್ದನ್ನೆಲ್ಲ ಹೇಳಿದಳು. "ಹುಡುಗೀದು ಒಂದು ತಪ್ಪೂ ಇಲ್ಲ ದೊಡ್ಡಪ್ಪ. ಬಂಗಾರದಂಥ ಮಗು. ತಪ್ಪು ನಂದು. ನಾನು ಹೊಡೆದೆ. ಇನ್ನೂ ಹೊಡೀತೀನೇನೋ ಅಂತ ಭಯ. ಮಗು ಸಾಕೋ ಕೈಯಲ್ಲ ನಂದು. ಅದಕ್ಕೆ ಕರ್ಕೊಂಡು ಬಂದೆ."

ದೊಡ್ಡಪ್ಪ ಕೇಳಿ ಮುಗಿಸಿ, ಶಾನಿಯ ಕಡೆ ತಿರುಗಿ, ನಿಧಾನವಾಗಿ ನಕ್ಕ. "ನೋಡಿದ್ಯಾ ಶಾನಿ? ಹೆಣ್ಣು ಅಂದ್ರೆ ಇವಳು. ಹುಡುಗಿ ಏನು ಮಾಡಿದ್ಲು ಅಂತ ಒಂದು ಮಾತು ಆಡ್ಲಿಲ್ಲ. ಎಲ್ಲಾ ತನ್ನ ಮೈಮೇಲೆ ಹಾಕ್ಕೊಂಡ್ಲು."

"ಇಲ್ಲ ದೊಡ್ಡಪ್ಪ, ನಾನು ಹೇಳಿದ್ದು ನಿಜ."

"ಆಯ್ತಮ್ಮ, ಆಯ್ತು. ಒಳ್ಳೇ ಅತ್ತೆಯಾದೋಳು ಹೀಗೇ ಹೇಳೋದು. ನಾವು ಕೆದಕಲ್ಲ."

"ಅವಳ ಕೈ ನೋಡಿ. ನಾನು ಮುದ್ದೆಕೋಲಲ್ಲಿ..."

"ಹೊಡೀದೆ ಮಕ್ಕಳು ಬೆಳೀತಾವಾ?" ಎಂದ ಶಾನಿ. ಅವನ ಮುಖ ಅವಮಾನದಿಂದ ಕಪ್ಪಿಟ್ಟಿತ್ತು. "ಅಡಿಸಾ ಅತ್ತೆ ನಿನಗೆ ಹೊಡೀಲಿಲ್ವಾ? ಅದಕ್ಕೇ ಅಲ್ವಾ ನೀನು ಇಷ್ಟು ಒಳ್ಳೆಯವಳಾಗಿರೋದು? ಹೊಡೆದು ಹೊಡೆದು ಸಾಕಾಗಿ ತಂದು ಬಿಟ್ಟಿದ್ದೀಯ ಅಂದ್ರೆ ಇವಳು ಎಂಥವಳಿರಬೇಕು!"

ಫುಲೇರಾ ಬಾಯಿ ಬಾಯಿ ಬಡಿದುಕೊಂಡಳು, ಆಣೆ ಹಾಕಿದಳು, ಕಣ್ಣೀರು ಸುರಿಸಿದಳು. ಅತ್ತಷ್ಟೂ ಅವಳ ಒಳ್ಳೆಯತನ ಹೆಚ್ಚುತ್ತಲೇ ಹೋಯಿತು. ಅಬಿಬಾ ಮಾತ್ರ ಅವಳನ್ನು ಅಡಿಗೆಮನೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ನೀನು ಹೇಳಿದ್ದು ನಿಜ ಅಂತ ನಂಗೊತ್ತು," ಎಂದಳು ಪಿಸುದನಿಯಲ್ಲಿ. "ನನ್ನ ಮಗಳು ಕದಿಯೋಳಲ್ಲ. ಆದ್ರೆ ಯಾಕೆ ಹೀಗೆ ಮಾಡಿದೆ? ಹೊಡ್ಕೊಂಡಾದ್ರೂ ಇಟ್ಕೋಬಾರದಿತ್ತಾ? ನಾನು ಇಲ್ಲಿ ಅತ್ಕೊಂಡು ಇರ್ತಿದ್ದೆ, ಅವಳು ಅಲ್ಲಿ ಬೆಳೀತಿದ್ಲು. ಈಗ ಯಾರು ಹತ್ತಿರ ಸೇರಿಸ್ತಾರೆ ಅವಳನ್ನ? ನಾಳೆ ಬಾವಿ ಹತ್ರ ಅವಳು ಕೊಡ ಇಟ್ರೆ ಉಳಿದೋರು ತಮ್ಮ ಕೊಡ ಎತ್ಕೊಂಡು ಹೋಗ್ತಾರೆ."

"ಅತ್ತಿಗೆ, ಅವಳು ನನಗೆ ಬೆನ್ನು ಕೊಟ್ಟು ಕೂತ್ಲು."

"ನಾವೆಲ್ಲ ಕೂತಿಲ್ವಾ?" ಎಂದಳು ಅಬಿಬಾ.

ಫುಲೇರಾ ಮರದಡಿಗೆ ಓಡಿ ಬಂದು, "ದೊಡ್ಡಪ್ಪ, ನಂದೇ ತಪ್ಪಾಯ್ತು, ವಾಪಸು ಕರ್ಕೊಂಡು ಹೋಗ್ತೀನಿ, ಕೊಡಿ," ಎಂದಳು.

"ಅವಳೇನು ಮಡಕೆಯಾ, ಕೊಟ್ಟು ಮತ್ತೆ ಇಸ್ಕೊಳ್ಳೋಕೆ?" ಎಂದ ಮುದುಕ, ಮೆತ್ತಗೇ. "ಬಿಟ್ಟೆ ಅಂತ ಹಿರಿಯರ ಮುಂದೆ ಹೇಳಿದ ಮೇಲೆ ಬಿಟ್ಟ ಹಾಗೆ. ನಿನ್ನ ಕರುಣೆ ನೋಡಿ ನಾವು ಮತ್ತೆ ಆ ಕಷ್ಟ ನಿನ್ನ ತಲೆಗೆ ಕಟ್ಟಬಾರದು."

ಹೊರಡುವಾಗ ಫುಲೇರಾ ಹುಡುಗಿಯ ತಲೆ ಸವರಲು ಹೋದಳು. ವುಂಪಿನಿ ಮಂಡಿಯೂರಿ, ಬಂದ ದಿನ ಒಪ್ಪಿಸಿದ ಹಾಗೆಯೇ, ಹೋಗುವವರಿಗೆ ಹೇಳಬೇಕಾದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ನನ್ನದೇನು ತಪ್ಪು ಎಂದು ಕೇಳಲಿಲ್ಲ. ಕೇಳಿದ್ದರೆ ಫುಲೇರಾಳ ಎದೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಟಮಾಲೆಯಲ್ಲಿ ದಿನಗಳು ಉರುಳಿದವು. ಗಂಜಿ ಕುದಿಯಿತು, ವಡೆ ಬೆಂದವು, ಡ್ರೈವರುಗಳು ಬಂದು ಕುಡಿದು ಹೋದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಬಾವಾ ಈಗಲೂ ಮಾಂಸದ ತುಂಡು ಎತ್ತಿ ಅವಳ ಕಡೆ ಇಡುತ್ತಿದ್ದ, ಅವಳು ಅದನ್ನು ತಿಂದು ಎದ್ದುಹೋಗುತ್ತಿದ್ದಳು. ಒಮ್ಮೆ ಅವನು, "ನೀನು ಬೇಕು ಅಂತ ಮಾಡಿದ್ದಲ್ಲ," ಎಂದ. "ಅಡಿಸಾನೂ ಹಾಗೇ ಅಂತಿದ್ಲೇನೋ, ಕೇಳೋರಿರಲಿಲ್ಲ," ಎಂದಳು. ಕಂದೆಯಜ್ಜಿ 'ಹುಡುಗಿ ಇದ್ದಿದ್ದರೆ ನೀರು ತರುತ್ತಿದ್ದಳು' ಎಂದು ಗೊಣಗಿ, ಸೊಸೆಯ ಮುಖ ನೋಡಿ ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದಳು.

ಒಣಗಾಳಿ ನಿಂತು ಸೆಕೆ ಶುರುವಾದಾಗ, ಒಂದು ಮಧ್ಯಾಹ್ನ ಶಾನಿಯ ಬೈಕು ಬಾಗಿಲಲ್ಲಿ ನಿಂತಿತು. ಫುಲೇರಾ ಕೈಯಲ್ಲಿದ್ದ ಸೊಪ್ಪು ಬಿಟ್ಟು ಓಡಿದಳು. ಬೈಕಿನ ಹಿಂದೆ ಇದ್ದವಳು ವುಂಪಿನಿಯಲ್ಲ. ಅಬಿಬಾಳ ಸೊಂಟ ಹಿಡಿದು ಇಣುಕುತ್ತಿದ್ದ ಕಿರಿಯವಳು, ತಿಯುಂಬಾ. ಇನ್ನೂ ಹಾಲುಹಲ್ಲು ಬಿದ್ದು ಮುಗಿದಿರಲಿಲ್ಲ.

"ವುಂಪಿನಿ ಎಲ್ಲಿ?"

"ಕುಮಾಸಿಗೆ ಕಳಿಸಿದೆ," ಎಂದ ಶಾನಿ, ಬೆವರು ಒರೆಸಿಕೊಳ್ಳುತ್ತ. "ಅಲ್ಲಿ ಮಾರ್ಕೆಟ್ಟಲ್ಲಿ ಮೂಟೆ ಹೊರೋಕೆ ನಮ್ಮೂರ ಹೆಂಗಸರು ಹೋದ್ರಲ್ಲ, ಒಬ್ಬಳಿಗೆ ಕೂಸು ಆಡಿಸೋಕೆ ಹುಡುಗಿ ಬೇಕಿತ್ತು. ಊರಲ್ಲಿಟ್ಕೊಂಡು ನಾನೇನು ಮಾಡ್ಲಿ? ದಿನಾ ಒಂದು ಮಾತು ಕೇಳ್ಬೇಕು. ಅಬಿಬಾ ಅತ್ಲು, ಎರಡು ದಿನ ಉಣ್ಲಿಲ್ಲ, ಸರಿಹೋದ್ಲು."

"ಅಣ್ಣ, ಆ ವಯಸ್ಸಿನ ಹುಡುಗೀನ ಅಷ್ಟು ದೂರದ ಪಟ್ಟಣಕ್ಕೆ..."

"ಅದನ್ನ ಬಿಡು. ನೀನು ಅವತ್ತು ನಮ್ಮ ಮಾನ ಉಳಿಸಿದೆ, ಒಂದು ಕೆಟ್ಟ ಮಾತು ಆಡ್ಲಿಲ್ಲ. ನಾನು ಋಣ ಇಟ್ಕೊಳ್ಳೋನಲ್ಲ. ಆ ಸಲ ಕೆಟ್ಟದ್ದು ಕೊಟ್ಟೆ, ಈ ಸಲ ಒಳ್ಳೇದನ್ನೇ ತಂದಿದ್ದೀನಿ. ಇವಳು ಮೆತ್ತಗಿದ್ದಾಳೆ, ಹೇಳಿದ್ದು ಕೇಳ್ತಾಳೆ."

ಬಾವಾ ಎದ್ದು ಬಂದ. "ಕರ್ಕೊಂಡು ಹೋಗು ಶಾನಿ. ನಮಗೆ ಬೇಡ."

"ನಿನ್ನದಲ್ಲ ಬಾವಾ, ಇದು ನನ್ನ ತಂಗಿ ಪಾಲು," ಎಂದು ಶಾನಿ ನಕ್ಕು, ಅವನ ಬೆನ್ನು ತಟ್ಟಿ, ನೀರನ್ನೂ ಕುಡಿಯದೆ ಬೈಕು ತಿರುಗಿಸಿದ. ಫುಲೇರಾ ಕೂಗಿದಳು. ಬೈಕಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ನಿಲ್ಲುವವನಲ್ಲ.

ಹುಡುಗಿ ಬಿಸಿಲಲ್ಲೇ ನಿಂತಿದ್ದಳು. ಬಾವಾ ನೆರಳಿಗೆ ಕರೆದ, ಬರಲಿಲ್ಲ. ಕಂದೆಯಜ್ಜಿ ಕರೆದಳು, ಬರಲಿಲ್ಲ. ಫುಲೇರಾ ಹತ್ತಿರ ಹೋಗಿ ಎದುರು ಕೂತಾಗ ತಾನೂ ಕುಕ್ಕರುಗಾಲಲ್ಲಿ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದಳು.

"ಅತ್ತೆ, ನಮ್ಮಕ್ಕ ಏನು ಮಾಡಿದ್ಲು ಅಂತ ಹೇಳಿ. ನಾನು ಅದನ್ನ ಮಾಡಲ್ಲ."

"ನಿಮ್ಮಕ್ಕ ಏನೂ ಮಾಡಲಿಲ್ಲ ಕಂದಾ," ಎಂದಳು ಫುಲೇರಾ.

ಹುಡುಗಿ ನಂಬಲಿಲ್ಲ. ನೆಲ ನೋಡುತ್ತ, ಅತ್ತೆ ನಿಜ ಹೇಳುವುದನ್ನೇ ಕಾಯುತ್ತ ಕೂತಳು.